ಮೈಕಿಗೆ ಇಟ್ಟ ಕುಂಕುಮ

ನನ್ನ ಹೆಂಡತಿ ಗಂಗರತ್ನಮ್ಮ ತೀರಿಕೊಂಡಾಗ ಅವಳ ದೇವರನಾಮವೊಂದು ಅರ್ಧಕ್ಕೆ ನಿಂತಿತ್ತು. ಪಲ್ಲವಿಯೂ ಒಂದು ಚರಣವೂ ರೆಕಾರ್ಡ್ ಆಗಿದ್ದವು. ಮಿಕ್ಕದ್ದನ್ನು ಗಂಟಲು ಸರಿಹೋದ ಮೇಲೆ ಹಾಡುತ್ತೇನೆ ಎಂದಿದ್ದಳು. ಗಂಟಲು ಸರಿಹೋಗಲಿಲ್ಲ, ದೇವರ ಚಿತ್ತ.

ವರ್ಷದ ತಿಥಿ ಹತ್ತಿರ ಬಂದಾಗ ಅವಳ ತಂಗಿ ಮಂಗಳಾ ಡೆಂಕಣಿಕೋಟೆಯಿಂದ ಬಂದಿಳಿದಳು. "ಭಾವ, ಉಳಿದಿದ್ದನ್ನ ನಾನು ಹೇಳ್ತೀನಿ. ಅಕ್ಕನ ಮೈಕಿನಾಗೇ ಆಗ್ಬೇಕು."

ಅದು ಹೊಸೂರಿನಲ್ಲಿ ಸ್ಟುಡಿಯೋ ಒಂದು ಮುಚ್ಚುವಾಗ ನಾನು ತಂದಿದ್ದ ಹಳೆಯ ಕಂಡೆನ್ಸರ್ ಮೈಕು. ಪಕ್ಕದ ಕೋಣೆಯ ನಿಟ್ಟುಸಿರನ್ನೂ ಬಿಡದೆ ಹಿಡಿಯುತ್ತಿತ್ತು. ಈಗ ಅದರಿಂದ ಬರುತ್ತಿದ್ದುದು ಕರಕರ ಸದ್ದು ಮಾತ್ರ.

ಕಂಪನಿಯಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವ ನನ್ನ ಸೋದರಳಿಯ ದೇವರಾಜುವನ್ನು ಕರೆಸಿದೆ. ಅವನು ಹೆಡ್‌ಫೋನ್ ಹಾಕಿಕೊಂಡು, "ಮಾವ, ಒಳಗ್ಯಾರೋ ಹಪ್ಪಳ ಕರೀತಾವ್ರೆ" ಎಂದ.

"ದೃಷ್ಟಿ ಆಗೈತೆ ಕಣ್ಲಾ," ಎಂದು ಮಂಗಳಾ ಒಣಮೆಣಸಿನಕಾಯಿಯನ್ನೂ ಕೆಂಡವನ್ನೂ ತಂದೇಬಿಟ್ಟಳು.

"ಚಿಕ್ಕತ್ತೆ, ಹೊಗೆ ತೋರಿಸಿದ್ರೆ ಇದು ಇಲ್ಲೇ ಪ್ರಾಣ ಬಿಡ್ತದೆ!"

ಕೆಂಡ ಅಡಿಗೆಮನೆಗೆ ಮರಳಿತು. ನಾವೆಲ್ಲರೂ ಕೆಮ್ಮಿದ್ದಾಯಿತು. ದೇವರಾಜು ಕೈತೊಳೆದು ಮೈಕಿನ ಜಾಲರಿ ಬಿಚ್ಚಿದ. ಒಳಗೆ ದನಿ ಹಿಡಿಯುವ, ಬಂಗಾರದ ರೇಕಿನಂಥ ತೆಳ್ಳನೆಯ ಬಿಲ್ಲೆ. ಅದರ ಸುತ್ತಲೂ ಕೆಂಪು ಪುಡಿ.

"ಇದೇನ್ ಮೈಕಾ, ಮಾರಮ್ಮನಾ?"

ಮಂಗಳಾ ಮೆಲ್ಲಗೆ ಹೇಳಿದಳು: "ಪ್ರತಿ ಆಯುಧಪೂಜೆಗೂ ಅಕ್ಕ ಇಟ್ಟಿದ್ದು. ನೀವೇ ತಟ್ಟೆ ಹಿಡ್ಕೊಂಡು ನಿಂತಿರ್ತಿದ್ರಿ, ಭಾವ."

ಹೌದು. ನನ್ನ ಸ್ಕೂಟರಿಗೆ ಒಂದು ಬೊಟ್ಟು, ಮೈಕಿಗೆ ಮೂರು. ಇದಕ್ಕೆ ಮಾತು ಬರುತ್ತದಲ್ಲ ಎನ್ನುತ್ತಿದ್ದಳು.

ದೇವರಾಜು ಬ್ರಷ್ ಎತ್ತಿಕೊಂಡ. ನಾನು ಅವನ ಕೈ ಹಿಡಿದೆ. "ಒರೆಸ್ಬ್ಯಾಡ ಕಣ್ಲಾ. ಅವಳು ಇಟ್ಟಿದ್ದು."

"ಒರೆಸ್ದೆ ಇದ್ರೆ ಅತ್ತೆ ಹಾಡು ಅರ್ಧಕ್ಕೇ ನಿಲ್ತದಲ್ಲ ಮಾವ."

ಸ್ವಲ್ಪ ಹೊತ್ತು ದೇವರ ಪಟ ನೋಡಿದೆ. ಅಲ್ಲಿಂದ ಸಲಹೆಯೇನೂ ಬರಲಿಲ್ಲ. ಕೊನೆಗೆ ಕೈ ಬಿಟ್ಟು, ಬ್ರಷ್ಷಿನ ಕೆಳಗೆ ಕಾಗದ ಹಿಡಿದೆ. ಉದುರಿದ ಕುಂಕುಮವನ್ನು ಪೊಟ್ಟಣ ಕಟ್ಟಿ ದೇವರ ಗೂಡಿನಲ್ಲಿಟ್ಟೆ. ದೇವರಾಜು ಬಿಲ್ಲೆಯನ್ನು ಮುಟ್ಟದೆ ಸುತ್ತಲೂ ಒರೆಸಿ, ಕುಂಕುಮ ಹೀರಿದ್ದ ತೇವ ಆರಲೆಂದು ಮೈಕನ್ನು ಅಕ್ಕಿ ಡಬ್ಬದಲ್ಲಿ ಇಟ್ಟ. ಮಾರನೆಯ ದಿನ ಕರಕರ ಇರಲಿಲ್ಲ.

ರೆಕಾರ್ಡಿಂಗ್ ಶುರುವಾಯಿತು. ಹಳೆಯ ರೆಕಾರ್ಡಿನಲ್ಲಿ ಗಂಗರತ್ನಮ್ಮನ ಚರಣ ಮುಗಿದು ತಂಬೂರಿ ಮಾತ್ರ ಕೇಳುತ್ತಿತ್ತು. ಮಂಗಳಾ ಕೈಮುಗಿದಳು, ಅಭ್ಯಾಸಬಲದಿಂದ ತಟ್ಟೆಯ ಕುಂಕುಮ ತೆಗೆದುಕೊಂಡು ಸೀದಾ ಮೈಕಿನ ಕಡೆಗೆ ಬೆರಳು ಚಾಚಿದಳು. ದೇವರಾಜು ಹಾರಿ ಅಡ್ಡ ಬಂದ. ಬೊಟ್ಟು ಅವನ ಹುಬ್ಬಿಗೆ ಬಿತ್ತು.

"ಅಯ್ಯೋ ಚಿಕ್ಕತ್ತೆ, ಕಣ್ಣು!"

"ಸುಮ್ಕಿರ್ಲಾ, ಹಾಡ್ಬೇಕು!" ಎಂದು ಗದರಿಸಿ ಅವಳು ಹಾಡಿ ಮುಗಿಸಿದಳು.

ನಡುವೆ ಸೇರಿಕೊಂಡ ಆ ಕೂಗನ್ನು ಕತ್ತರಿಸಿಬಿಡುತ್ತೇನೆ ಎಂದು ದೇವರಾಜು ಹೇಳಿದ. ಬೇಡವೆಂದೆ. ಹಾಡುವಾಗ ಯಾರಾದರೂ ಗಲಾಟೆ ಮಾಡಿದರೆ ಗಂಗರತ್ನಮ್ಮ ನಿಲ್ಲಿಸಿ, ಅವರು ಸುಮ್ಮನಾದ ಮೇಲೆ ಮುಂದುವರಿಸುತ್ತಿದ್ದಳು. ಈಗ ಆ ರೆಕಾರ್ಡ್ ಕೇಳಿದರೂ ಅವಳು ಹಾಗೆಯೇ ನಿಲ್ಲಿಸಿದ್ದಾಳೆ ಅನಿಸುತ್ತದೆ.