ನೀಲಿ ಪಟ್ಟಿಯ ವಿಮಾನ

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಬ್ರೇಕ್ ಮೇಡಂ ಅಂತಲೇ ಹೆಸರು. ಹದಿನಾಲ್ಕು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು, ಕಲಿಯುವವರು ಎದುರಿನ ಲಾರಿಗೆ ಮುತ್ತಿಕ್ಕಲು ಹೊರಟಾಗಲೆಲ್ಲ ತನ್ನ ಕಾಲಡಿಯ ಎರಡನೇ ಬ್ರೇಕ್ ಒತ್ತಿ ಎಷ್ಟೋ ಜೀವ ಉಳಿಸಿದವಳು. ಎಂಥ ಗಾಬರಿಯಲ್ಲೂ ದನಿ ಏರಿಸುವವಳಲ್ಲ. ಅಂಥವಳು ಆ ಬುಧವಾರ ಬೆಳಿಗ್ಗೆ ಅತ್ತೆಯ ಕೋಣೆಯಲ್ಲಿ ಉದ್ದನೆಯ ಪೊರಕೆ ಹಿಡಿದು ನಿಂತು, "ಸತ್ತೆ" ಅಂದಳು.

ನೆಲದ ಮೇಲೆ ಅಂಗೈಯಗಲದ, ನೀಲಿ ಪಟ್ಟಿಯ ಲೋಹದ ವಿಮಾನವೊಂದು ಮಗ್ಗುಲಾಗಿ ಬಿದ್ದಿತ್ತು. ಅದರ ಒಂದು ರೆಕ್ಕೆ ಮಂಚದ ಕೆಳಗೆ ಸೇರಿತ್ತು.

ಅತ್ತೆ ಇಪ್ಪತ್ತೇಳು ವರ್ಷ ವಿಮಾನ ನಿಲ್ದಾಣದ ವರ್ಕ್‌ಶಾಪಿನಲ್ಲಿ ಸೀಟುಗಳ ಕವರು ಹೊಲಿದವರು. ಒಮ್ಮೆಯೂ ವಿಮಾನ ಹತ್ತಿದವರಲ್ಲ. ನಿವೃತ್ತಿಯಾದ ಮೇಲೆ, ತಾವು ಹೊಲಿದ ಸೀಟುಗಳಿದ್ದ ಒಂದೊಂದು ಬಗೆಯ ವಿಮಾನದ್ದೂ ಪುಟ್ಟ ಮಾದರಿ ಹುಡುಕಿ ತರುವುದೇ ಅವರ ಹುಚ್ಚು. ಗಾಜಿನ ಕಪಾಟು ತುಂಬಿ, ಮೇಲಿನ ಹಲಗೆಗೂ ಹತ್ತಿ, ಮೂವತ್ತೆರಡಾಗಿದ್ದವು. ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಮಗಳ ಮನೆಗೆ ಹೋದವರು ಶನಿವಾರ ಬರುವವರಿದ್ದರು. ಅಷ್ಟರೊಳಗೆ ಫ್ಯಾನಿನ ಧೂಳು ತೆಗೆದು ಕೋಣೆ ಚೊಕ್ಕ ಮಾಡೋಣ ಅಂತ ಹೊರಟಿದ್ದೇ ತಪ್ಪಾಗಿತ್ತು.

ಅತ್ತೆ ಬೈಯುವವರಾಗಿದ್ದರೆ ಅವಳಿಗೆ ಚಿಂತೆಯಿರಲಿಲ್ಲ. ಅವರು ಸುಮ್ಮನಾಗುವವರು. ಒಮ್ಮೆ ಅವರ ಉಣ್ಣೆಯ ಶಾಲನ್ನು ಬಿಸಿನೀರಿಗೆ ಹಾಕಿ ಕರವಸ್ತ್ರದಷ್ಟು ಮಾಡಿಟ್ಟಾಗ ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆ ನಾಲ್ಕು ದಿನ ಮನೆಯಲ್ಲಿ ಚಮಚ ಬಿದ್ದರೂ ಬಾಂಬು ಬಿದ್ದಂತೆ ಕೇಳಿಸುತ್ತಿತ್ತು.

"ಅಂಟು ಹಾಕಿದ್ರೆ ಆಯ್ತಪ್ಪ," ಅಂದ ಗಂಡ, ಪೇಪರಿನಿಂದ ತಲೆಯೆತ್ತದೆ.

"ರೀ, ಅವ್ರ ಕಣ್ಣಿಗೆ ಹೊಸ ಲೆನ್ಸ್ ಹಾಕಿ ಕಳಿಸ್ತಿದಾರೆ. ಅಂಟಿದ ಗೆರೆ ಕಾಣಲ್ವಾ?"

"ಹಾಗಾದ್ರೆ ಹೇಳಿಬಿಡು."

"ನೀವೇ ಹೇಳಿ. ನಿಮ್ಮಮ್ಮ."

"ಬೀಳಿಸಿದ್ದು ನಾನಲ್ಲವಲ್ಲ!" ಅಂತ ಅವನು ಪೇಪರಿನೊಳಗೆ ಮತ್ತಷ್ಟು ಇಳಿದ.

ಮುರಿದ ವಿಮಾನವನ್ನು ಟವೆಲಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು, ಎರಡು ಪಾಠಗಳ ನಡುವಿನ ಬಿಡುವಿನಲ್ಲಿ ಅಂಥದ್ದೇ ಇನ್ನೊಂದನ್ನು ಹುಡುಕಿ ಅವಳು ಊರಿನ ದೊಡ್ಡ ಅಂಗಡಿಗೆ ಹೋದಳು. ನಾಲ್ಕು ಅಂತಸ್ತು, ಸೂಜಿಯಿಂದ ಸೋಫಾವರೆಗೆ ಎಲ್ಲವೂ ಅಲ್ಲೇ. ಅತ್ತೆ ವಿಮಾನ ತರುತ್ತಿದ್ದುದೂ ಅಲ್ಲಿಂದಲೇ. ಮೂರನೇ ಅಂತಸ್ತಿನ ಆಟಿಕೆ ವಿಭಾಗದ ತುದಿಯಲ್ಲಿ ಆ ಸಾಲು ಸಿಕ್ಕಿತು. ಬಿಳಿ ಮೈ, ನೀಲಿ ಪಟ್ಟಿ, ನಾಲ್ಕು ಇಂಜಿನ್: ಬೆಲೆಯ ಚೀಟಿ ಇತ್ತು, ಚೀಟಿಯ ಮೇಲಿನ ಜಾಗ ಬರಿದಾಗಿತ್ತು.

ಹಳದಿ ಅಂಗಿಯ ಸೇಲ್ಸ್‌ಮನ್ ಕೈಯಲ್ಲಿದ್ದ ಯಂತ್ರವನ್ನು ಒತ್ತಿ ನೋಡಿದ. "ಒಂದಿದೆ ಮೇಡಂ, ಸಿಸ್ಟಂನಲ್ಲಿ ತೋರಿಸ್ತಿದೆ."

"ಎಲ್ಲಿದೆ?"

"ಸಿಸ್ಟಂನಲ್ಲಿದೆ."

"ಸಿಸ್ಟಂನಿಂದ ಆಚೆ ತೆಗೆದುಕೊಡ್ತೀರಾ?"

ಅವನು ಗೋಡೌನಿಗೆ ಹೋದ. ಮುಕ್ಕಾಲು ಗಂಟೆಯ ನಂತರ ಒಂದು ಹೆಲಿಕಾಪ್ಟರ್ ಹಿಡಿದು ಬಂದ. "ಇದೂ ಹಾರುತ್ತೆ ಮೇಡಂ," ಅಂದ, ತುಂಬ ಭರವಸೆಯಿಂದ. ಅಷ್ಟರಲ್ಲಿ ಅವಳ ಮುಂದಿನ ಪಾಠಕ್ಕೆ ಹೊತ್ತು ಮೀರಿತ್ತು.

ಗುರುವಾರ ಮತ್ತೆ ಹೋದಳು. ಈ ಸಲ ಗ್ರಾಹಕ ಸೇವೆಯ ಕೌಂಟರು. ಅವಳ ಟೋಕನ್ ಅರವತ್ತಮೂರು, ಬೋರ್ಡಿನಲ್ಲಿ ನಲವತ್ತೊಂದು. ಸರದಿ ಬಂದಾಗ, "ಬೀಗ ಹಾಕಿದ ಗಾಜಿನ ಕಪಾಟಿನಲ್ಲಿರಬಹುದು, ಕೀ ಸೂಪರ್‌ವೈಸರ್ ಹತ್ರ ಇದೆ, ಸೂಪರ್‌ವೈಸರ್ ಮೀಟಿಂಗಿನಲ್ಲಿದಾರೆ" ಎಂಬ ಉತ್ತರ ಸಿಕ್ಕಿತು. ಮೀಟಿಂಗ್ ಮುಗಿದು ಆಟಿಕೆ ವಿಭಾಗದ ಆ ಕಪಾಟು ತೆರೆದರೆ ಅಲ್ಲಿದ್ದುದೆಲ್ಲ ಕೆಂಪು ಪಟ್ಟಿಯವು. ರೋಸಿಹೋಗಿ ಅಲ್ಲೇ ನಿಂತು ಅಂಗಡಿಯ ಸಹಾಯವಾಣಿಗೆ ಫೋನ್ ಮಾಡಿದಳು. ಒಂದು ಒತ್ತಿ, ನಾಲ್ಕು ಒತ್ತಿ, ಸಂಗೀತ ಕೇಳಿ. ಕೊನೆಗೆ "ನಿಮ್ಮ ಕರೆಯನ್ನು ಆಟಿಕೆ ವಿಭಾಗಕ್ಕೆ ಕಳಿಸುತ್ತಿದ್ದೇವೆ" ಎಂದಿತು ದನಿ. ಅವಳ ಮೊಣಕೈ ಪಕ್ಕದಲ್ಲೇ, ಕೌಂಟರಿನ ಮೇಲಿದ್ದ ಫೋನು ಟ್ರಿಣ್ ಟ್ರಿಣ್ ಎಂದು ಬಡಿದುಕೊಳ್ಳತೊಡಗಿತು. ಯಾರೂ ಎತ್ತಲಿಲ್ಲ. ಅವಳೇ ಎತ್ತಿ, ಎರಡೂ ಕಿವಿಯಲ್ಲಿ ತನ್ನದೇ ಉಸಿರು ಕೇಳಿ, ಎರಡನ್ನೂ ಇಟ್ಟುಬಿಟ್ಟಳು.

ಶುಕ್ರವಾರ ಮಧ್ಯಾಹ್ನ ಆಸೆಯೇನೂ ಇಟ್ಟುಕೊಳ್ಳದೆ ಮೂರನೇ ಸಲ ಮೆಟ್ಟಿಲು ಹತ್ತಿದಳು. ಅದೇ ಬರಿದಾದ ಜಾಗದ ಮುಂದೆ ಒಬ್ಬ ಮುದುಕರು ನಿಂತಿದ್ದರು. ಮಾತಿಗೆ ಮಾತು ಬಂದು, ಅವರು ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದವರೆಂದೂ ಮನೆಯಲ್ಲಿ ನೂರಹತ್ತು ವಿಮಾನಗಳಿವೆಯೆಂದೂ ತಿಳಿಯಿತು.

"ಸಿಸ್ಟಂನಲ್ಲಿ ಒಂದಿದೆ ಅಂತಾರಾ?" ಕಾಂಪೌಂಡರ್ ದನಿ ತಗ್ಗಿಸಿದರು. "ಹಾಗಾದ್ರೆ ಇದೆ ಕಣಮ್ಮ. ಬಚ್ಚಿಟ್ಟಿರ್ತಾರೆ."

"ಅಂಗಡಿಯವರಾ?"

"ಛೆ, ಅವರಿಗೆ ಅಷ್ಟೆಲ್ಲ ಎಲ್ಲಿ ಪುರುಸೊತ್ತು? ನಮ್ಮಂಥ ಹುಚ್ಚರು. ಇವತ್ತು ತಗೊಳ್ಳಕ್ಕಾಗದೆ ಇದ್ರೆ ಬೇರೆ ಯಾವ್ದಾದ್ರೂ ಸಾಮಾನಿನ ಹಿಂದೆ ತಳ್ಳಿಬಿಡೋದು, ಆಮೇಲೆ ಬಂದು ತಗೊಳ್ಳೋದು. ನಾನೂ ಮಾಡಿದೀನಿ, ಸುಳ್ಳು ಯಾಕೆ ಹೇಳ್ಲಿ? ಯಾರೂ ಮುಟ್ಟದ ಸಾಮಾನು ಎಲ್ಲಿದೆ ನೋಡಿ."

ಇಬ್ಬರೂ ಸೇರಿ ಹುಡುಕಿದರು. ಗೊಂಬೆಗಳ ಹಿಂದೆ, ಬಣ್ಣದ ಡಬ್ಬಿಗಳ ಹಿಂದೆ. ಕೊನೆಗೆ ಅವಳು ಮಂಡಿಯೂರಿ, ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿದ್ದ ಎರಡು ಸಾವಿರ ತುಂಡಿನ ಪಜಲ್ ಡಬ್ಬಿಗಳನ್ನು ಆಚೆ ಎಳೆದಳು. ಧೂಳು ಮೂಗಿಗೆ ಹೊಡೆಯಿತು. ತೋಳು ಪೂರ್ತಿ ಒಳಗೆ ತೂರಿಸಿ ತಡಕಿದಾಗ ಚಿಕ್ಕ ಪೆಟ್ಟಿಗೆಯೊಂದು ಕೈಗೆ ಸಿಕ್ಕಿತು. ಬಿಳಿ ಮೈ, ನೀಲಿ ಪಟ್ಟಿ, ನಾಲ್ಕು ಇಂಜಿನ್. ಅವಳಿಗೆ ಹೋದ ಜೀವ ಬಂದಂತಾಯಿತು. ಕಾಂಪೌಂಡರ್ ತಮಗೇ ಸಿಕ್ಕಷ್ಟು ಖುಷಿಯಿಂದ ಚಪ್ಪಾಳೆ ತಟ್ಟಿದರು. ಆದರೂ ಕಣ್ಣಂಚಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿತ್ತು.

ಬಿಲ್ಲಿನ ಕೌಂಟರಿನಲ್ಲಿ ಯಂತ್ರ ಆ ಪೆಟ್ಟಿಗೆಯನ್ನು ಗುರುತಿಸಲಿಲ್ಲ. "ಈ ಐಟಂ ಇಲ್ಲ ಅಂತಿದೆ ಮೇಡಂ," ಅಂದಳು ಬಿಲ್ಲಿನವಳು.

"ಮೂರು ದಿನ ಇದೆ ಇದೆ ಅಂದ್ರಿ, ಕೈಗೆ ಸಿಕ್ಕಿಲ್ಲ. ಇವತ್ತು ಕೈಯಲ್ಲಿ ಹಿಡ್ಕೊಂಡು ನಿಂತಿದೀನಿ, ಇಲ್ಲ ಅಂತೀರಿ!"

ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವಳ ದನಿ ಏರಿತ್ತು. ಹಿಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಸೂಪರ್‌ವೈಸರ್ ಓಡಿಬಂದು, ಪೆಟ್ಟಿಗೆಯ ಮೇಲಿನ ಧೂಳನ್ನು ತನ್ನ ಟೈನಿಂದಲೇ ಒರೆಸಿ ಮತ್ತೆ ಹಿಡಿದ. ಯಂತ್ರ ಕೀಂ ಅಂದಿತು.

ಮನೆಗೆ ಬಂದರೆ ಬಾಗಿಲಲ್ಲಿ ಅತ್ತೆಯ ಚಪ್ಪಲಿ.

"ಒಂದು ದಿನ ಮೊದಲೇ ಬಂದ್ಬಿಟ್ರು," ಎಂದು ಪಿಸುಗುಟ್ಟಿದ ಗಂಡ. "ಬಂದಾಗಿಂದ ಕೋಣೇಲೇ ಇದಾರೆ. ಮಾತೇ ಇಲ್ಲ."

ಕದ್ದು ಇಡುವ ದಾರಿ ಮುಚ್ಚಿತ್ತು. ಅವಳು ಒಳಗೆ ಹೋದಳು. ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಮಂಚದ ಮೇಲೆ ಕೂತಿದ್ದರು, ಮುಖ ಕಪಾಟಿನ ಕಡೆಗೆ. ಅವಳು ಟವೆಲು ಬಿಚ್ಚಿ ಮುರಿದ ವಿಮಾನವನ್ನೂ ಪಕ್ಕದಲ್ಲಿ ಹೊಸ ಪೆಟ್ಟಿಗೆಯನ್ನೂ ಇಟ್ಟಳು.

"ಅತ್ತೆ, ನನ್ನ ಕೈಯಿಂದಲೇ ಬಿತ್ತು. ಧೂಳು ಹೊಡೀವಾಗ. ಹೇಳದೆ ಹೊಸದು ತಂದಿಟ್ಟುಬಿಡೋಣ ಅಂತಿದ್ದೆ, ಅದೂ ಸುಳ್ಳಲ್ಲ."

ಅತ್ತೆ ಕನ್ನಡಕ ತೆಗೆದು, ಮುರಿದದ್ದನ್ನು ಬಿಟ್ಟು ಪೆಟ್ಟಿಗೆಯನ್ನೇ ಎತ್ತಿಕೊಂಡರು. ಮೂಲೆಯಲ್ಲಿದ್ದ ಸಣ್ಣ ನಗ್ಗನ್ನು ಬೆರಳಿಂದ ಸವರಿದರು.

"ಇದು ಎಲ್ಲಿ ಸಿಕ್ತು ನಿಂಗೆ?"

"ಪಜಲ್ ಡಬ್ಬಿಗಳ ಹಿಂದೆ. ತೀರಾ ಕೆಳಗಿನ ಹಲಗೇಲಿ. ಯಾರೋ ಪುಣ್ಯಾತ್ಮರು ಬಚ್ಚಿಟ್ಟಿದ್ರು."

ಅತ್ತೆ ಮಾತಾಡಲಿಲ್ಲ. ಮುಗಿಯಿತು, ಇನ್ನು ನಾಲ್ಕು ದಿನ ಅಂದುಕೊಂಡಳು ಅವಳು. ಆದರೆ ಅತ್ತೆಯ ಭುಜ ಅಲುಗುತ್ತಿತ್ತು. ಗಾಬರಿಯಿಂದ ಬಗ್ಗಿ ನೋಡಿದರೆ ಅವರು ಸೆರಗು ಬಾಯಿಗೊತ್ತಿ ನಗುತ್ತಿದ್ದರು.

"ಆ ಪುಣ್ಯಾತ್ಮೆ ನಾನೇ ಕಣೇ," ಅಂದರು, ನಾಚಿಕೆಯಿಂದ ಮುಖ ಕೆಂಪಗಾಗಿ. "ಆಪರೇಷನ್ನಿಗೆ ಹೋಗೋ ದಿನ ಕಣ್ಣಿಗೆ ಬಿತ್ತು. ಬಿಲ್ಲಿನ ಸಾಲು ಮಾರುದ್ದ ಇತ್ತು, ಕೆಳಗೆ ಕಾರಲ್ಲಿ ಮಗಳು ಹಾರ್ನ್ ಮೇಲೆ ಹಾರ್ನ್. ಅದಕ್ಕೇ ತಳ್ಳಿಟ್ಟು ಬಂದೆ. ಇವತ್ತು ಬೇಗ ಬಂದಿದ್ದೂ ಅದಕ್ಕೇ, ಇನ್ಯಾರಾದ್ರೂ ಹೊಡ್ಕೊಂಡು ಹೋದಾರು ಅಂತ. ನಿಮ್ಗೆಲ್ಲ ಏನು ನೆಪ ಹೇಳಿ ಅಂಗಡಿಗೆ ಹೋಗೋದು ಅಂತ ಯೋಚಿಸ್ತಾ ಕೂತಿದ್ದೆ."

"ಇನ್ನೊಂದು ಯಾಕತ್ತೆ? ಇದಿತ್ತಲ್ಲ?"

ಅತ್ತೆ ಮುರಿದ ವಿಮಾನವನ್ನು ಅವಳ ಕಣ್ಣ ಮುಂದೆ ಹಿಡಿದರು. "ಪಟ್ಟಿ ನೋಡು. ಬಾಲದ ಹತ್ರ ಸೊಟ್ಟ. ಪೆಟ್ಟಿಗೆ ತೆರೆದಾಯ್ತು, ಬದಲಾಯಿಸಲ್ಲ ಅಂದ್ರು ಅಂಗಡಿಯೋರು. ಎರಡು ವರ್ಷದಿಂದ ಇದನ್ನ ನೋಡಿದಾಗಲೆಲ್ಲ ಬಿಚ್ಚಿ ಮತ್ತೆ ಹೊಲೀಬೇಕು ಅನ್ನಿಸ್ತಿತ್ತು. ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ. ನೀನು ಬೀಳಿಸಿದ್ದು ಒಳ್ಳೇದೇ ಆಯ್ತು."

ಅವಳು ಮಂಚದ ಅಂಚಿನಲ್ಲಿ ಧಪ್ಪನೆ ಕೂತಳು. ಮೂರು ದಿನದಿಂದ ಕಟ್ಟಿಕೊಂಡಿದ್ದ ಉಸಿರು ಒಮ್ಮೆಗೇ ಹೊರಬಂತು, ಜೊತೆಗೆ ನಗುವೂ ಬಂತು. ಫೋನಿನ ಕಥೆ, ಹೆಲಿಕಾಪ್ಟರಿನ ಕಥೆ ಎಲ್ಲ ಹೇಳಿದಳು. ಅತ್ತೆ ಹೊಸ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ನಗಿಸಬೇಡ ಕಣೇ, ಡಾಕ್ಟ್ರು ಬೈತಾರೆ" ಅಂದರು.

ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ಗಂಡ ಅಡಿಗೆಮನೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದ. "ಏನಂದ್ರು?"

"ಬರೋ ಗುರುವಾರ ಹೊಸ ಲೋಡ್ ಬರುತ್ತಂತೆ. ಬೆಳಿಗ್ಗೇನೇ ಕಾರಲ್ಲಿ ಕರ್ಕೊಂಡು ಹೋಗು ಅಂದ್ರು."

ಅವನು ಬೆಪ್ಪಾಗಿ ನೋಡುತ್ತಾ ನಿಂತ. ಅವಳು ತಟ್ಟೆ ಎಳೆದುಕೊಂಡು, ಬುಧವಾರದಿಂದೀಚೆಗೆ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡಳು.