ಜೇಬಿನೊಳಗಿನ ಸೋಪು

ಕಾರಿನ ಸೈಲೆನ್ಸರಿನ ಬಿಸಿ ಮೇಲಕ್ಕೆ ತಟ್ಟದಂತೆ ಅಡ್ಡ ಕೂರಿಸುವ ತೆಳು ತಗಡನ್ನು ಅಚ್ಚಿನಲ್ಲಿ ಒತ್ತುವಾಗ ಮೂಲೆ ಬಿರಿಯುತ್ತದೆ. ಬಿರಿಯದಂತೆ ಒತ್ತುವವನು ಆ ಕಾರ್ಖಾನೆಯ ಶೆಡ್ಡಿನಲ್ಲಿ ತಗಡು ಒತ್ತುವ ಯಂತ್ರ ನಡೆಸುವ ಪ್ರೆಸ್ಸಿನವನೊಬ್ಬನೇ. ಒತ್ತುವ ಮುಂಚೆ ಎಲ್ಲರಿಗೂ ಬೆನ್ನು ತಿರುಗಿಸಿ, ಮೂಲೆಗೆ ಬಟ್ಟೆಸೋಪು ಉಜ್ಜುತ್ತಿದ್ದ. ಅಷ್ಟೇ ಅವನ ವಿದ್ಯೆ. ಹನ್ನೊಂದು ವರ್ಷದಿಂದ ಸೋಪು ಜೇಬಿನಲ್ಲಿತ್ತು, "ಕೈಗುಣ ಸ್ವಾಮಿ" ಎಂಬ ಮಾತು ಬಾಯಲ್ಲಿತ್ತು.

ಇವತ್ತು ಆ ಕೈಗುಣವೇ ಕುತ್ತಿಗೆಗೆ ಬಂತು. ದೂರದ ಊರಿನಲ್ಲಿ ಮಗಳಿಗೆ ಚೊಚ್ಚಲ ಹೆರಿಗೆಯ ನೋವು ಶುರುವಾಗಿತ್ತು. "ಅಪ್ಪ ಬರ್ಲಿ ಅಂತ ಒಂದೇ ಸಮ ಅಳ್ತಿದಾಳೆ, ಇನ್ನೂ ಹೊರಟಿಲ್ವಾ?" ಎಂದು ಹೆಂಡತಿ ಫೋನಿನಲ್ಲಿ ರೇಗಿದಳು.

ರಜೆ ಕೇಳಿದರೆ ಯಜಮಾನ ನಕ್ಕ. "ನೀನಿಲ್ದೆ ಒಂದು ತಗಡೂ ನೆಟ್ಟಗೆ ಬರಲ್ಲ ಅಂತ ಊರಿಗೆಲ್ಲ ಡಂಗುರ ಸಾರಿದೋನು ನೀನೇ ಅಲ್ವೇನಯ್ಯಾ? ನಾಳೆ ಲಾರಿ ಬರುತ್ತೆ. ಹೇಗೆ ಬಿಡ್ಲಿ?"

ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದ. ಪ್ರೆಸ್ಸಿನವನು ಹಲ್ಲು ಕಚ್ಚಿ ಜೇಬಿಗೆ ಕೈ ಹಾಕಿ, ಸವೆದ ಸೋಪನ್ನು ಯಜಮಾನನ ಅಂಗೈಯಲ್ಲಿಟ್ಟ.

"ಮೂಲೆಗೆ ಇದನ್ನ ಉಜ್ಜಿ ಒತ್ತಿ. ಯಾರು ಒತ್ತಿದ್ರೂ ಬರುತ್ತೆ."

ಯಜಮಾನ ತಾನೇ ಉಜ್ಜಿ ಒತ್ತಿದ. ಕೂದಲೆಳೆಯಷ್ಟೂ ಬಿರುಕಿಲ್ಲದೆ ತಗಡು ಎದ್ದು ಬಂತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ಸೋಪನ್ನು ಮೂಸಿದ, ಮೂಸಿ ತನ್ನ ಜೇಬಿಗೆ ಇಳಿಸಿದ.

"ಹೋಗಿ ಬಾರಯ್ಯಾ," ಎಂದ, ಹಿಂದೆಂದೂ ಇಲ್ಲದ ಮೆತ್ತಗಿನ ದನಿಯಲ್ಲಿ. "ಮೊಮ್ಮಗೂನ ಚೆನ್ನಾಗಿ ಆಡಿಸ್ಕೊಂಡೇ ಬಾ. ಏನೂ ಅವಸರವಿಲ್ಲ."

ಗೇಟು ತೆರೆದೇ ಇತ್ತು. ಬಸ್ಸು ಹೊರಡುವ ಹೊತ್ತಾಗಿತ್ತು. ಆದರೆ ಪ್ರೆಸ್ಸಿನವನ ಕಾಲು ಏಳಲಿಲ್ಲ. ಅವನ ಕೈ ಖಾಲಿ ಜೇಬನ್ನೇ ತಡಕುತ್ತಿತ್ತು.