ನಮ್ಮ ಕಂಪನಿಯ ಷೇರು

ಕಂಪನಿಯ ಬಗ್ಗೆ ಮಾತಾಡುವಾಗ ಭಾವನ ಬಾಯಲ್ಲಿ ‘ನಮ್ಮ’ ಎಂಬ ಮಾತು ತಪ್ಪುತ್ತಿರಲಿಲ್ಲ. ದೇಶದ ಅರ್ಧಕ್ಕರ್ಧ ಮೊಬೈಲುಗಳಲ್ಲಿ ಇರುವುದು ಆ ಕಂಪನಿಯ ಸಿಮ್ಮೇ. ಅವುಗಳಿಗೆ ಜೀವ ತುಂಬುವ ಟವರುಗಳನ್ನು ಹತ್ತಿ ಇಳಿದೇ ಅವರ ತಲೆ ನರೆತಿತ್ತು. ಕಳೆದ ವರ್ಷ ಕಂಪನಿ ಅವರ ಕೈಗೊಂದು ಗಂಟು ಕೊಟ್ಟು, ಅವಧಿಗೆ ಮುಂಚೆಯೇ ಮನೆಗೆ ಕಳಿಸಿತ್ತು. ಈಗ ಆ ಗಂಟನ್ನಿಡೀ ಅದೇ ಕಂಪನಿಯ ಷೇರಿಗೆ ಹಾಕುತ್ತೇನೆಂದು ಹಟ ಹಿಡಿದಿದ್ದರು. ಬೇರೆ ಆದಾಯವಿಲ್ಲದ ಮನೆ. ದಿಕ್ಕು ತೋಚದೆ ಅಕ್ಕ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ತಂಗಿಗೆ ಹೇಳಿಕಳಿಸಿದ್ದಳು. ತಂಗಿ ಕಂಪನಿಯ ವರದಿಗಳನ್ನೆಲ್ಲ ಓದಿಕೊಂಡೇ ಬಂದಿದ್ದಳು.

“ಬಾಮ್ಮ ವಿಜ್ಞಾನಿ. ಅಕ್ಕನ ಪರ ವಕಾಲತ್ತಾ?” ಎಂದರು ಭಾವ.

“ಆ ಕಂಪನಿ ನನ್ನ ಸವತಿ ಕಣೇ,” ಅಕ್ಕ ಅಡುಗೆಮನೆಯಿಂದಲೇ ಕುಟುಕಿದಳು. “ಆಯುಷ್ಯ ಎಲ್ಲಾ ಅವಳಿಗೇ ಸುರಿದ್ರು. ಈಗ ಇಡುಗಂಟೂ ಅವಳಿಗೇ ಅಂತೆ.”

ಭಾವ ಮೊಬೈಲನ್ನು ನಾದಿನಿಯ ಮುಖಕ್ಕೆ ಹಿಡಿದರು. “ನೋಡು, ಸಿಗ್ನಲ್ ಕಡ್ಡಿ ಪೂರ್ತಿ ಇದೆ. ಬಚ್ಚಲುಮನೇಲೂ ಹೀಗೇ. ಇಂಥ ಕಂಪನಿ ಮುಳುಗತ್ತಾ?”

ಸಿಗ್ನಲ್ ನೋಡಿ ಕಂಪನಿಯ ಗಟ್ಟಿತನ ಅಳೆಯುವುದು ಟವರು ಹತ್ತಿದವರಷ್ಟೇ ಮಾಡಬಹುದಾದ ತಪ್ಪು ಎನ್ನಿಸಿತು ತಂಗಿಗೆ.

“ಮುಳುಗಲ್ಲ ಭಾವ. ಆದ್ರೆ ಆ ಕಡ್ಡಿಗಳೆಲ್ಲ ಸಾಲದ ಮೇಲೆ ನಿಂತಿವೆ. ಹೊಸ ಉಪಕರಣ ಹಾಕಿದಷ್ಟೂ ಸಾಲ. ಬಿಲ್ ಏರಿಸೋಣ ಅಂದ್ರೆ ಜನ ಬೇರೆ ಕಂಪನಿಗೆ ಹೋಗ್ತಾರೆ.”

“ವರ್ಷವರ್ಷ ಷೇರಿಗೆ ಡಿವಿಡೆಂಡ್ ಅಂತ ಪಾಲು ಕೊಡ್ತಿಲ್ವಾ? ಬ್ಯಾಂಕ್ ಬಡ್ಡಿಗಿಂತ ಜಾಸ್ತಿ!”

“ಷೇರಿನ ಬೆಲೆ ಬಿದ್ದಿರೋದ್ರಿಂದ ಜಾಸ್ತಿ ಅನ್ಸತ್ತೆ. ಖರ್ಚು ಕಳೆದು ಉಳಿಯೋದು ಅದಕ್ಕೆ ಸಾಕಾಗ್ತಿಲ್ಲ. ಸಾಲ ಎತ್ತಿ ಹಂಚ್ತಿದಾರೆ.”

“ಈ ವರ್ಷ ಲಾಭ ಏರಿದೆ ಅಂತ ಪೇಪರಲ್ಲಿ ಬಂತಲ್ಲ? ಅದೂ ಸುಳ್ಳಾ?”

ಈ ಪ್ರಶ್ನೆಯೊಂದು ಬಾರದಿರಲಿ ಎಂದು ಅವಳು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಗ್ರಾಹಕರೇನೂ ಹೆಚ್ಚಿರಲಿಲ್ಲ, ಅವರು ಕಟ್ಟುವ ಹಣವೂ ಹೆಚ್ಚಿರಲಿಲ್ಲ. ಮಾತು ತೇಲಿಸಿಬಿಡಬಹುದಿತ್ತು, ಆದರೆ ತೇಲಿಸಿದರೆ ನಾಳೆಯೇ ಅಕ್ಕನ ಬದುಕು ಷೇರುಪೇಟೆಗೆ ಹೋಗುತ್ತದೆ.

“ಸುಳ್ಳಲ್ಲ ಭಾವ. ಸಂಬಳದ ಖರ್ಚು ಇಳಿದಿದೆ.”

ಭಾವ ಹಿಡಿದಿದ್ದ ಮೊಬೈಲನ್ನು ಕೆಳಗಿಳಿಸಿದರು.

“ಅಂದ್ರೆ... ಮನೆಗೆ ಕಳಿಸಿದ್ರಲ್ಲ, ನಾವು.”

“ಹೂಂ.”

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.

“ಮುಂದಿನ ವರ್ಷವೂ ಏರಬೇಕಂದ್ರೆ?”

“ಇನ್ನೊಂದಷ್ಟು ಜನ ಮನೆಗೆ ಹೋಗ್ಬೇಕು.”

ಭಾವ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು. ಅವರ ತಂಡದಲ್ಲಿ ಇನ್ನೂ ಕೆಲಸದಲ್ಲಿದ್ದವನೆಂದರೆ ಗೊಣಗ ಒಬ್ಬನೇ. ಎಲ್ಲದಕ್ಕೂ ಗೊಣಗುತ್ತಲೇ ಎಲ್ಲರಿಗಿಂತ ಮೊದಲು ಟವರು ಹತ್ತುತ್ತಿದ್ದ ಹುಡುಗ. ಅವನ ಹೆಂಡತಿಗೆ ಈಗ ದಿನ ತುಂಬಿತ್ತು.

“ಷೇರು ಕೊಂಡ್ರೆ, ಗೊಣಗನ್ನ ಯಾವಾಗ ಕಳಿಸ್ತಾರೆ ಅಂತ ನಾನು ಕಾಯ್ಕೊಂಡು ಕೂರಬೇಕು. ಅಷ್ಟೇ ತಾನೇ?”

ತಂಗಿ ಹೌದೆಂದು ತಲೆಯಾಡಿಸಿದಳು.

“ಬೇಡ ಬಿಡು. ಬ್ಯಾಂಕಲ್ಲೇ ಬಿದ್ದಿರಲಿ.”

ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ಅವಳು ಬಯಸಿದ್ದೇ ಆಗಿತ್ತು. ಆದರೂ ಕುಟುಕುವ ಬದಲು “ಊಟಕ್ಕೇಳಿ” ಎಂದಳು, ಕಾಯಿಲೆಯವರನ್ನು ಕರೆಯುವಷ್ಟು ಮೆಲ್ಲಗೆ.

ಭಾವ ಎದ್ದವರು ಒಳಕೋಣೆಗೆ ಹೋಗಿ, ಹಾಡಹಗಲಲ್ಲೇ ಗೋಡೆಗೆ ಮುಖ ಮಾಡಿ ಮಲಗಿದರು. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡದೆ ತಟ್ಟೆಯ ಮುಂದೆ ಕೂತರು.